ಪ್ಯಾಕೆಟ್ ಟ್ರೇಸರ್: ಲಕೋಟೆ ಬಿಚ್ಚಿ ನೋಡುವವರಿಗೆ ಪಾಠ ಹೇಳುವ ತಂತ್ರಾಂಶ

ಸುರತ್ಕಲ್, ವಾಮಂಜೂರು, ಅಡ್ಯಾರು, ನಿಟ್ಟೆ, ಬಂಟಕಲ್ಲು, ಮಣಿಪಾಲ. ಈ ಊರುಗಳಲ್ಲಿ ಎಂಜಿನಿಯರಿಂಗ್ ಓದುವವರಿಗೆ ಕಂಪ್ಯೂಟರ್ ನೆಟ್‌ವರ್ಕ್ಸ್ ವಿಷಯ ಬಂದ ಸೆಮಿಸ್ಟರಿನಲ್ಲಿ ಸೀನಿಯರ್‌ಗಳಿಂದ ಸಿಗುವ ಮೊದಲ ಸಲಹೆ ಸಾಮಾನ್ಯವಾಗಿ ಒಂದೇ: ಸಿಸ್ಕೋದ ಪ್ಯಾಕೆಟ್ ಟ್ರೇಸರ್ ಹಾಕಿಕೊಳ್ಳಿ. ನಿಜವಾದ ಸಾಧನಗಳಿಲ್ಲದೆ ಪರದೆಯ ಮೇಲೆಯೇ ಕಂಪ್ಯೂಟರ್ ಜಾಲ ಕಟ್ಟಿ ಓಡಿಸಿ ನೋಡುವ ತಂತ್ರಾಂಶ ಇದು. ಸಲಹೆ ಸರಿಯಾದದ್ದೇ. ಹಾಕಿಕೊಂಡ ಮೇಲೆ ಏನು ಮಾಡಬೇಕೆಂದು ಹೇಳುವವರು ಮಾತ್ರ ಕಡಿಮೆ. ಎರಡು ಪಿಸಿ, ಒಂದು ಸ್ವಿಚ್, ಒಂದು ರೂಟರ್ ಎಳೆದು ಹಾಕಿ, ಐಪಿ ವಿಳಾಸ ಕೊಟ್ಟು, ಪಿಂಗ್ ಹೊಡೆದು (ಇನ್ನೊಂದು ಯಂತ್ರ ಉತ್ತರಿಸುತ್ತದೆಯೇ ಎಂದು ಕೇಳುವ ಸಂದೇಶ), ಉತ್ತರ ಬಂದ ಕೂಡಲೇ ಸ್ಕ್ರೀನ್‌ಶಾಟ್ ತೆಗೆದು ರೆಕಾರ್ಡಿಗೆ ಅಂಟಿಸಿದರೆ ಈ ತಂತ್ರಾಂಶದಿಂದ ಸಿಗುವುದು ಬಹಳ ಅಲ್ಪ. ಪಿಂಗ್ ಏಕೆ ಹೋಯಿತು ಎಂಬುದು ಗೊತ್ತಾಗುವುದಿಲ್ಲ. ಹೋಗದೆ ಇದ್ದಾಗ ಎಲ್ಲಿ ಹುಡುಕಬೇಕೆಂಬುದೂ ಗೊತ್ತಾಗುವುದಿಲ್ಲ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪ್ಯಾಕೆಟ್ ಟ್ರೇಸರಿನ ಜೀವ ಇರುವುದು ಕೆಳಗೆ ಬಲಮೂಲೆಯ ಸಿಮ್ಯುಲೇಶನ್ ಗುಂಡಿಯಲ್ಲಿ. ಆ ಗುಂಡಿ ಒತ್ತಿ, ಪರದೆಯ ಮೇಲೆ ಸರಿದಾಡುವ ಪುಟ್ಟ ಲಕೋಟೆಗಳನ್ನು (ಜಾಲದಲ್ಲಿ ಹೋಗುವ ಪ್ಯಾಕೆಟ್ ಎಂಬ ಸಂದೇಶದ ತುಂಡುಗಳ ಚಿತ್ರ) ಒಂದೊಂದಾಗಿ ಬಿಚ್ಚಿ ಓದುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಉಚಿತ ಮೇಷ್ಟ್ರು ಸಿಗುವುದು ಕಷ್ಟ. ರಿಯಲ್‌ಟೈಮ್ ಮೋಡಿನಲ್ಲೇ ಉಳಿದವರಿಗೆ ಇದೊಂದು ಚಿತ್ರ ಬರೆಯುವ ಹಲಗೆ, ಅಷ್ಟೇ. ಇದು ಕಲಿಸದ ವಿಷಯಗಳೂ ಕೆಲವಿವೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಲ್ಯಾಬಿನ ಮುಖ್ಯ ಪ್ರಯೋಗಗಳು ಅದೇ ಪಟ್ಟಿಯಲ್ಲಿ ಬರುವುದರಿಂದ ಅದನ್ನೂ ವಿವರವಾಗಿ ನೋಡಬೇಕು.

ಹಾಕಿಕೊಳ್ಳುವುದು

ಹಣ ಕೊಡಬೇಕಾಗಿಲ್ಲ. ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಖಾತೆ ತೆರೆದು ಇಳಿಸಿಕೊಂಡರಾಯಿತು. ವಿಂಡೋಸ್, ಉಬುಂಟು, ಮ್ಯಾಕ್ ಮೂರಕ್ಕೂ ಇದೆ. ಸಾಮಾನ್ಯ ಲ್ಯಾಪ್‌ಟಾಪಿನಲ್ಲೂ ಹತ್ತು ಹದಿನೈದು ಸಾಧನಗಳ ಜಾಲ ಓಡುತ್ತದೆ. ತೆರೆದಾಗ ಲಾಗಿನ್ ಕೇಳುತ್ತದೆ, ಅದಕ್ಕೆ ಇಂಟರ್‌ನೆಟ್ ಬೇಕು. ಮಳೆಗಾಲದಲ್ಲಿ ರೆಡ್ ಅಲರ್ಟ್ ರಜೆ ಸಿಕ್ಕಿ ಮನೆಯಲ್ಲಿ ಕೂತು ಅಭ್ಯಾಸ ಮಾಡೋಣ ಎಂದುಕೊಂಡ ದಿನವೇ ಕರೆಂಟೂ ವೈಫೈಯೂ ಹೋಗಿರುತ್ತವೆ. ಹಾಗಾಗಿ ಲಾಗಿನ್ ಪರದೆಯಲ್ಲಿ ಮೂರು ತಿಂಗಳು ಲಾಗಿನ್ ಆಗಿಯೇ ಇರಲಿ ಎಂಬ ಆಯ್ಕೆಯನ್ನು ಮೊದಲ ದಿನವೇ ಚಾಲೂ ಮಾಡಿಡಿ. ಆಮೇಲೆ ಬ್ಯಾಟರಿ ಇರುವಷ್ಟು ಹೊತ್ತು ಕೆಲಸ ನಡೆಯುತ್ತದೆ.

ಲಕೋಟೆಯ ಒಳಗೆ

ಸಿಮ್ಯುಲೇಶನ್ ಮೋಡಿಗೆ ಹೋದ ಕೂಡಲೇ ಹೊಸಬರು ಗಾಬರಿಯಾಗುವುದು ಲಕೋಟೆಗಳ ಗುಂಪನ್ನು ಕಂಡು. ಸ್ವಿಚ್‌ಗಳು ಎಸ್‌ಟಿಪಿ (ಫ್ರೇಮುಗಳು ಜಾಲದಲ್ಲಿ ಸುತ್ತುತ್ತಲೇ ಇರದಂತೆ ತಡೆಯುವ ಸಂದೇಶ) ಕಳಿಸುತ್ತಿರುತ್ತವೆ, ಸಿಸ್ಕೋ ಸಾಧನಗಳು ಸಿಡಿಪಿ (ಪಕ್ಕದ ಸಾಧನಕ್ಕೆ ತನ್ನ ಪರಿಚಯ ಹೇಳುವ ಸಂದೇಶ) ಕಳಿಸುತ್ತಿರುತ್ತವೆ, ನಿಮ್ಮ ಪಿಂಗ್ ಅವುಗಳ ನಡುವೆ ಕಳೆದುಹೋಗುತ್ತದೆ. ಎಡಿಟ್ ಫಿಲ್ಟರ್ಸ್‌ಗೆ ಹೋಗಿ ಎಲ್ಲವನ್ನೂ ತೆಗೆದು ಆರ್ಪ್ (ಐಪಿ ವಿಳಾಸಕ್ಕೆ ತಕ್ಕ ಮ್ಯಾಕ್ ವಿಳಾಸ, ಅಂದರೆ ಜಾಲದ ಕಾರ್ಡಿನ ವಿಳಾಸ, ಕೇಳುವುದು) ಮತ್ತು ಐಸಿಎಂಪಿ (ಪಿಂಗ್ ಹೋಗುವುದು ಇದರಲ್ಲೇ) ಎರಡನ್ನು ಮಾತ್ರ ಉಳಿಸಿಕೊಳ್ಳಿ. ತಾನಾಗಿ ಓಡಿಸುವ ಪ್ಲೇ ಗುಂಡಿಯನ್ನು ಬಿಟ್ಟು, ಒಂದೊಂದೇ ಹೆಜ್ಜೆ ಮುಂದಕ್ಕೆ ಒತ್ತುತ್ತಾ ಹೋಗಿ. ಬಫರ್ ತುಂಬಿತು ಎಂಬ ಸಂದೇಶ ಬಂದರೆ ಹಳೆಯ ಘಟನೆಗಳನ್ನು ಅಳಿಸಿ ಮುಂದುವರಿಸಬಹುದು.

ಇನ್ನೊಂದು ಎಚ್ಚರ. ಸಿಮ್ಯುಲೇಶನ್ ಮೋಡಿನಲ್ಲಿ ನೀವು ಒತ್ತದೆ ಕಾಲ ಸರಿಯುವುದಿಲ್ಲ. ಸ್ವಿಚ್ ಪೋರ್ಟಿನ ಕಿತ್ತಳೆ ಬಣ್ಣದ ಗುರುತು ಹಸಿರಾಗಲು ಎಸ್‌ಟಿಪಿಯ ಲಿಸನಿಂಗ್ ಹಂತಕ್ಕೆ 15, ಲರ್ನಿಂಗ್ ಹಂತಕ್ಕೆ 15, ಒಟ್ಟು 30 ಸೆಕೆಂಡು ಬೇಕು. ಸಿಮ್ಯುಲೇಶನ್ ಮೋಡಿನಲ್ಲೇ ಕೂತು ಇದು ಹಸಿರಾಗುತ್ತಿಲ್ಲ, ಓಎಸ್‌ಪಿಎಫ್ (ರೂಟರ್‌ಗಳು ಪರಸ್ಪರ ಮಾತಾಡಿ ತಾವೇ ದಾರಿ ಕಂಡುಕೊಳ್ಳುವ ವಿಧಾನ) ನೆರೆಹೊರೆ ಸಿಗುತ್ತಿಲ್ಲ ಎಂದು ಕಾನ್ಫಿಗರೇಶನ್ ಅಳಿಸಿ ಮತ್ತೆ ಬರೆಯುವವರು ಬಹಳ ಮಂದಿ. ಕಾನ್ಫಿಗರ್ ಮಾಡುವುದು ರಿಯಲ್‌ಟೈಮಿನಲ್ಲಿ. ಫಾಸ್ಟ್ ಫಾರ್ವರ್ಡ್ ಗುಂಡಿ ಒತ್ತಿ ಎಲ್ಲವನ್ನೂ ಹಸಿರು ಮಾಡಿಕೊಂಡು, ಆಮೇಲೆ ನೋಡುವುದಕ್ಕಷ್ಟೇ ಸಿಮ್ಯುಲೇಶನ್‌ಗೆ ಬನ್ನಿ.

ಈಗ ಲಕೋಟೆಯ ಮೇಲೆ ಕ್ಲಿಕ್ ಮಾಡಿದರೆ ಓಎಸ್ಐ ಪದರಗಳ (ಜಾಲದ ಕೆಲಸವನ್ನು ಏಳು ಹಂತವಾಗಿ ವಿಂಗಡಿಸುವ ಮಾದರಿ) ಕಿಟಕಿ ತೆರೆಯುತ್ತದೆ. ಎಡಗಡೆ ಒಳಬಂದ ಪದರಗಳು, ಬಲಗಡೆ ಹೊರಹೋಗುವ ಪದರಗಳು, ಕೆಳಗೆ ಆ ಸಾಧನ ಏನು ಯೋಚಿಸಿತು ಎಂಬುದರ ಅಂಕಿ ಹಾಕಿದ ವಾಕ್ಯಗಳು. ಇಡೀ ತಂತ್ರಾಂಶದಲ್ಲಿ ಅತಿ ಬೆಲೆಯುಳ್ಳದ್ದು ಈ ವಾಕ್ಯಗಳೇ. ಲಕೋಟೆಯ ಮೇಲೆ ಕೆಂಪು ಗುಣಾಕಾರ ಚಿಹ್ನೆ ಬಿದ್ದಿದ್ದರೆ, ಅದನ್ನು ಏಕೆ ಎಸೆಯಲಾಯಿತು ಎಂಬುದು ಅಲ್ಲಿಯೇ ಬರೆದಿರುತ್ತದೆ: ರೂಟಿಂಗ್ ಟೇಬಲ್‌ನಲ್ಲಿ ದಾರಿ ಇಲ್ಲ, ಆರ್ಪ್ ಟೇಬಲ್‌ನಲ್ಲಿ ವಿಳಾಸ ಇಲ್ಲ, ಆಕ್ಸೆಸ್ ಲಿಸ್ಟ್ (ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಪಟ್ಟಿ) ತಡೆಯಿತು, ಹೀಗೆ. ನಿಜವಾದ ರೂಟರ್ ಇಷ್ಟು ಬಾಯಿಬಿಟ್ಟು ಹೇಳುವುದಿಲ್ಲ. ಅದೇ ಕಿಟಕಿಯಲ್ಲಿ ಚಾಲೆಂಜ್ ಮಿ ಎಂಬ ಗುಂಡಿಯಿದೆ. ಒತ್ತಿದರೆ ಉತ್ತರ ಮುಚ್ಚಿಟ್ಟು, ಈ ಪದರದಲ್ಲಿ ಸಾಧನ ಏನು ಮಾಡೀತು ಎಂದು ನಿಮ್ಮನ್ನೇ ಕೇಳುತ್ತದೆ. ವೈವಾಕ್ಕೆ ತಯಾರಾಗಲು ಇದರಷ್ಟು ಒಳ್ಳೆಯ ದಾರಿ ಬೇರೆ ಕಾಣುವುದಿಲ್ಲ. ಆದರೂ ಈ ಗುಂಡಿಯನ್ನು ಮುಟ್ಟುವವರು ಕಡಿಮೆ ಎನ್ನುವುದು ಬೇಸರದ ಸಂಗತಿ.

ಇನ್‌ಬೌಂಡ್ ಮತ್ತು ಔಟ್‌ಬೌಂಡ್ ವಿವರಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ರೂಟರಿನ ಒಳಗೆ ಬಂದ ಫ್ರೇಮಿನ (ಪ್ಯಾಕೆಟಿನ ಹೊರ ಹೊದಿಕೆ) ಮ್ಯಾಕ್ ವಿಳಾಸಗಳು ಬೇರೆ, ಹೊರಟ ಫ್ರೇಮಿನವು ಬೇರೆ. ಐಪಿ ವಿಳಾಸಗಳು ಮಾತ್ರ ಹಾಗೇ ಇರುತ್ತವೆ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಬೈಂದೂರಿಗೆ ಒಂದು ಪಾರ್ಸೆಲ್ ಹೊರಟಿತು ಎನ್ನಿ. ಉಡುಪಿಯಲ್ಲಿ ಬಸ್ ಬದಲು, ಕುಂದಾಪುರದಲ್ಲಿ ಮತ್ತೆ ಬದಲು. ಪ್ರತಿ ಬಸ್ಸಿಗೂ ಹೊಸ ಚೀಟಿ, ಆದರೆ ಕಟ್ಟಿನ ಮೇಲೆ ಬರೆದ ವಿಳಾಸ ಬೈಂದೂರಿನದ್ದೇ. ಮ್ಯಾಕ್ ವಿಳಾಸ ಆ ಚೀಟಿಯ ಹಾಗೆ, ಐಪಿ ಕಟ್ಟಿನ ಮೇಲಿನ ಬರಹದ ಹಾಗೆ. ತರಗತಿಯಲ್ಲಿ ನಾಲ್ಕು ಸಲ ಕೇಳಿದರೂ ಗಟ್ಟಿಯಾಗದ ಈ ಮಾತು ಲಕೋಟೆಯನ್ನು ಒಂದು ಸಲ ಬಿಚ್ಚಿದರೆ ಮರೆಯುವುದಿಲ್ಲ.

ಮೂರು ಊರಿನ ಸೊಸೈಟಿ

ಅಂತರ್ಜಾಲದಲ್ಲಿ ಸಿಗುವ ಸಿದ್ಧ ಫೈಲುಗಳನ್ನು ತೆರೆದು ನೋಡುವುದಕ್ಕಿಂತ ಒಂದು ಜಾಲವನ್ನು ಬುಡದಿಂದ ಕಟ್ಟುವುದು ಲೇಸು. ಟ್ರೇಸರಿನ ಒಳ್ಳೆಯದು ಕೆಟ್ಟದ್ದು ಎರಡೂ ಹೊರಬರುವ ಒಂದು ಅಭ್ಯಾಸ ಇಲ್ಲಿದೆ. ಹಂಪನಕಟ್ಟೆಯಲ್ಲಿ ಪ್ರಧಾನ ಕಚೇರಿ, ಸುರತ್ಕಲ್ ಮತ್ತು ಉಡುಪಿಯಲ್ಲಿ ಶಾಖೆ ಇರುವ ಒಂದು ಸಹಕಾರಿ ಸೊಸೈಟಿಯನ್ನು ಕಲ್ಪಿಸಿಕೊಳ್ಳಿ. ಹಂಪನಕಟ್ಟೆಗೆ 60 ಯಂತ್ರ, ಉಡುಪಿಗೆ 28, ಸುರತ್ಕಲ್ಲಿಗೆ 12. ಕೈಯಲ್ಲಿರುವುದು 192.168.10.0/24 ಒಂದೇ (ವಿಳಾಸದ ಮೊದಲ 24 ಬಿಟ್ ಜಾಲದ್ದು ಎಂಬುದು /24ರ ಅರ್ಥ).

ದೊಡ್ಡದರಿಂದ ಸಣ್ಣದಕ್ಕೆ ಹಂಚುವುದು ವಿಎಲ್‌ಎಸ್‌ಎಂ (ಜಾಲವನ್ನು ಬೇಕಾದ ಗಾತ್ರದ ತುಂಡುಗಳಾಗಿ ಒಡೆಯುವುದು) ನಿಯಮ. ಹಂಪನಕಟ್ಟೆಗೆ 192.168.10.0/26, ಬಳಸಬಹುದಾದ ವಿಳಾಸ 62. ಉಡುಪಿಗೆ 192.168.10.64/27, ಅದರಲ್ಲಿ 30. ಸುರತ್ಕಲ್ಲಿಗೆ 192.168.10.96/28, ಅದರಲ್ಲಿ 14. ರೂಟರ್‌ಗಳ ನಡುವಿನ ಮೂರು ಕೊಂಡಿಗಳಿಗೆ 112, 116, 120ರಿಂದ ಶುರುವಾಗುವ ಮೂರು /30 ತುಂಡುಗಳು. ಗೇಟ್‌ವೇ (ಜಾಲದಿಂದ ಹೊರಗೆ ಕಳಿಸುವ ರೂಟರ್) ವಿಳಾಸವೂ ಈ ಲೆಕ್ಕದೊಳಗೇ ಬರಬೇಕು ಎಂಬುದನ್ನು ಮರೆತರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ: 30 ಯಂತ್ರ ಎಂದು ಕೇಳಿದ ಕಡೆ ರೂಟರ್ ಸೇರಿ 31 ಆಗುತ್ತದೆ, ಆಗ /27 ಸಾಲದು.

ಮೂರು ಕಡೆಯೂ ಸಿಸ್ಕೋದ 2911 ಮಾದರಿಯ ರೂಟರ್ ಇಡಿ. ಅದರಲ್ಲಿ ಮೂರು ಗಿಗಾಬಿಟ್ ಪೋರ್ಟುಗಳಿವೆ. ಹಂಪನಕಟ್ಟೆಯಿಂದ ಸುರತ್ಕಲ್ಲಿಗೆ, ಅಲ್ಲಿಂದ ಉಡುಪಿಗೆ ಗಿಗಾಬಿಟ್ ಕೊಂಡಿ. ಹಂಪನಕಟ್ಟೆಯಿಂದ ಉಡುಪಿಗೆ ನೇರವಾಗಿ ಒಂದು ಸೀರಿಯಲ್ ಕೊಂಡಿ. ಸೀರಿಯಲ್‌ಗೆ ಎಚ್‌ವಿಕ್-2ಟಿ ಕಾರ್ಡ್ ಬೇಕು. ಫಿಸಿಕಲ್ ಟ್ಯಾಬಿನಲ್ಲಿ ರೂಟರಿನ ವಿದ್ಯುತ್ ಸ್ವಿಚ್ ಆರಿಸದೆ ಕಾರ್ಡ್ ಒಳಗೆ ಹೋಗುವುದಿಲ್ಲ. ಅದು ನಿಜಜೀವನದ ಶಿಸ್ತನ್ನೇ ಕಲಿಸುತ್ತದೆ. ಆದರೆ ಸ್ವಿಚ್ ಆರಿಸಿದ ಕ್ಷಣ ಉಳಿಸದ ಕಾನ್ಫಿಗರೇಶನ್ ಎಲ್ಲ ಹೋಗುತ್ತದೆ. ಕಾರ್ಡ್ ಹಾಕುವ ಕೆಲಸ ಮೊದಲು, ಕಮಾಂಡ್ ಬರೆಯುವುದು ಆಮೇಲೆ. ಯಾವ ಸ್ಲಾಟಿಗೆ ಹಾಕಿದಿರೋ ಅದರ ಮೇಲೆ ಇಂಟರ್‌ಫೇಸಿನ ಹೆಸರು ಬದಲಾಗುತ್ತದೆ, ಆದ್ದರಿಂದ ಊಹಿಸದೆ ಶೋ ಐಪಿ ಇಂಟರ್‌ಫೇಸ್ ಬ್ರೀಫ್ ಕೊಟ್ಟು ನೋಡಿ. ಗಡಿಯಾರದ ಚಿತ್ರವಿರುವ ತುದಿ ಡಿಸಿಇ, ಅಂದರೆ ಕೊಂಡಿಯ ವೇಗದ ತಾಳ ಕೊಡುವ ತುದಿ. ಕ್ಲಾಕ್ ರೇಟ್ 64000 ಎಂದು ಕೊಡುವುದು ಆ ತುದಿಯಲ್ಲಿ ಮಾತ್ರ.

ಕೇಬಲ್ ಆರಿಸುವಾಗ ಮಿಂಚಿನ ಚಿತ್ರವಿರುವ ಸ್ವಯಂಚಾಲಿತ ಆಯ್ಕೆಯನ್ನು ಮುಟ್ಟಬೇಡಿ. ಅದು ತನಗೆ ತೋಚಿದ ಪೋರ್ಟಿಗೆ ಚುಚ್ಚುತ್ತದೆ, ನಿಮ್ಮ ಕಾಗದದ ಮೇಲಿನ ಯೋಜನೆಗೂ ಪರದೆಗೂ ತಾಳೆಯಾಗುವುದಿಲ್ಲ. ರೂಟರ್‌ನಿಂದ ರೂಟರ್‌ಗೆ ಕ್ರಾಸ್‌ಓವರ್, ಸ್ವಿಚ್‌ಗೆ ನೇರ ಕೇಬಲ್ ಎಂದು ಕೈಯಾರೆ ಆರಿಸಿ.

ಈಗ ಮೂರೂ ರೂಟರ್‌ಗಳಲ್ಲಿ ಏರಿಯಾ 0ರಲ್ಲಿ ಓಎಸ್‌ಪಿಎಫ್ ಹಚ್ಚಿ. ವೈಲ್ಡ್‌ಕಾರ್ಡ್ ಮಾಸ್ಕ್ (ಸಬ್‌ನೆಟ್ ಮಾಸ್ಕಿನ ತಿರುಗುಮುರುಗು ರೂಪ) /26ಕ್ಕೆ 0.0.0.63, /27ಕ್ಕೆ 0.0.0.31, /28ಕ್ಕೆ 0.0.0.15, /30ಕ್ಕೆ 0.0.0.3. ಎಲ್ಲ ಹತ್ತಿದ ಮೇಲೆ ಹಂಪನಕಟ್ಟೆಯ ಪಿಸಿಯಿಂದ ಉಡುಪಿಯ ಪಿಸಿಗೆ ಪಿಂಗ್ ಕೊಡಿ. ಉತ್ತರದಲ್ಲಿ ಟಿಟಿಎಲ್ (ಪ್ಯಾಕೆಟ್ ಇನ್ನೆಷ್ಟು ರೂಟರ್ ದಾಟಬಹುದು ಎಂಬ ಅಂಕಿ) 125 ಎಂದು ಬರುತ್ತದೆ. ಪಿಸಿ 128ರಿಂದ ಶುರುಮಾಡುತ್ತದೆ, ಪ್ರತಿ ರೂಟರ್ ಒಂದು ಕಳೆಯುತ್ತದೆ. ಅಂದರೆ ಮೂರು ರೂಟರ್ ದಾಟಿದೆ. ನೇರ ಕೊಂಡಿ ಇದ್ದರೂ ಪ್ಯಾಕೆಟ್ ಸುರತ್ಕಲ್ ಸುತ್ತಿ ಹೋಗಿದೆ. ಕಾರಣ ಖರ್ಚಿನ ಲೆಕ್ಕ. ಓಎಸ್‌ಪಿಎಫ್ 100 ಎಂಬಿಪಿಎಸ್ ಅನ್ನು ಕೊಂಡಿಯ ಬ್ಯಾಂಡ್‌ವಿಡ್ತಿನಿಂದ ಭಾಗಿಸುತ್ತದೆ. ಸೀರಿಯಲ್‌ನ ಬ್ಯಾಂಡ್‌ವಿಡ್ತ್ ಮೊದಲೇ 1544 ಕೆಬಿಪಿಎಸ್ ಎಂದಿರುವುದರಿಂದ ಅದರ ಖರ್ಚು 64. ಗಿಗಾಬಿಟ್‌ನದ್ದು ಒಂದಕ್ಕಿಂತ ಕಡಿಮೆ ಬಂದರೂ ಕನಿಷ್ಠ 1 ಎಂದೇ ಹಿಡಿಯುತ್ತದೆ. ಸುರತ್ಕಲ್ ಮೂಲಕ 1+1, ಉಡುಪಿಯ ಒಳಜಾಲಕ್ಕೆ ಇನ್ನೊಂದು 1, ಒಟ್ಟು 3. ನೇರ ದಾರಿಯಲ್ಲಿ 65. ಶೋ ಐಪಿ ರೂಟ್‌ನಲ್ಲಿ ಚೌಕ ಆವರಣದೊಳಗೆ 110/3 ಎಂದು ಕಾಣುವುದರಲ್ಲಿ 3 ಇದೇ, 110 ಓಎಸ್‌ಪಿಎಫ್‌ಗೆ ನಿಗದಿಯಾದ ಅಂಕಿ.

ಕಾನ್ಫಿಗರೇಶನ್ ಉಳಿಸಿಕೊಂಡು, ಸುರತ್ಕಲ್ ರೂಟರಿನ ವಿದ್ಯುತ್ ಆರಿಸಿ ಮತ್ತೆ ಪಿಂಗ್ ಕೊಡಿ. ಟಿಟಿಎಲ್ ಈಗ 126, ಟೇಬಲ್‌ನಲ್ಲಿ 110/65. ಸಂಖ್ಯೆಯೊಂದೇ ದಾರಿ ಬದಲಾದದ್ದನ್ನು ಹೇಳುತ್ತದೆ. ಇಲ್ಲಿ ಬದಲಾವಣೆ ತಕ್ಷಣ ಆಗುತ್ತದೆ, ಏಕೆಂದರೆ ಕೊಂಡಿ ಸತ್ತದ್ದು ಇಂಟರ್‌ಫೇಸಿಗೆ ನೇರವಾಗಿ ಗೊತ್ತಾಗುತ್ತದೆ. ಸುರತ್ಕಲ್ಲಿಗೆ ಹೋಗುವ ಎರಡೂ ಗಿಗಾಬಿಟ್ ಕೊಂಡಿಗಳ ನಡುವೆ ಒಂದೊಂದು ಸ್ವಿಚ್ ತೂರಿಸಿ ಅದೇ ಪ್ರಯೋಗ ಮಾಡಿ. ಈಗ ಹಂಪನಕಟ್ಟೆಯ ಪೋರ್ಟ್ ಹಸಿರಾಗಿಯೇ ಇರುತ್ತದೆ. ನೆರೆಯವನು ಸತ್ತದ್ದು ಗೊತ್ತಾಗುವುದು 10 ಸೆಕೆಂಡಿಗೊಮ್ಮೆ ಬರಬೇಕಾದ ಹಲೋ ಬರದೆ 40 ಸೆಕೆಂಡಿನ ಡೆಡ್ ಟೈಮರ್ ಮುಗಿದ ಮೇಲೆ. ಹಲೋ, ಡೆಡ್ ಟೈಮರ್‌ಗಳು ಏಕೆ ಬೇಕು ಎಂಬ ಪ್ರಶ್ನೆಗೆ ಈ 40 ಸೆಕೆಂಡಿನ ಕಾಯುವಿಕೆಯೇ ಉತ್ತರ.

ಆಮೇಲೆ ಮೂರರಲ್ಲೂ ಆಟೋ-ಕಾಸ್ಟ್ ರೆಫರೆನ್ಸ್-ಬ್ಯಾಂಡ್‌ವಿಡ್ತ್ 1000 ಕೊಟ್ಟು ನೋಡಿ (ಖರ್ಚಿನ ಲೆಕ್ಕದಲ್ಲಿ 100 ಎಂಬಿಪಿಎಸ್ ಬದಲು 1000). ಗಿಗಾಬಿಟ್ 1, ಸೀರಿಯಲ್ 647 ಆಗುತ್ತದೆ. ಒಂದೇ ರೂಟರಿನಲ್ಲಿ ಕೊಟ್ಟು ಉಳಿದವನ್ನು ಬಿಟ್ಟರೆ ಒಬ್ಬೊಬ್ಬರ ಅಳತೆಗೋಲು ಒಂದೊಂದಾಗಿ, ದಾರಿಯ ಆಯ್ಕೆ ತಲೆಕೆಳಗಾಗಬಹುದು. ಬ್ಯಾಂಡ್‌ವಿಡ್ತ್ ಕಮಾಂಡಿನಿಂದ ಕೊಂಡಿಯ ನಿಜವಾದ ವೇಗ ಬದಲಾಗುವುದಿಲ್ಲ, ಅದು ಲೆಕ್ಕಕ್ಕೆ ಕೊಟ್ಟ ಅಂಕಿ ಮಾತ್ರ ಎಂಬುದೂ ಇಲ್ಲಿಯೇ ಮನದಟ್ಟಾಗುತ್ತದೆ.

ಮುಗ್ಗರಿಸುವ ಜಾಗಗಳು

ಮೊದಲ ಪಿಂಗ್ ಸೋಲುತ್ತದೆ, ಎರಡನೆಯದು ಗೆಲ್ಲುತ್ತದೆ. ಇದು ತಂತ್ರಾಂಶದ ದೋಷ ಎಂದುಕೊಳ್ಳುವವರಿದ್ದಾರೆ. ದಾರಿಯಲ್ಲಿನ ರೂಟರಿಗೆ ಮುಂದಿನವನ ಮ್ಯಾಕ್ ವಿಳಾಸ ಗೊತ್ತಿಲ್ಲದಿದ್ದರೆ ಅದು ಬಂದ ಪ್ಯಾಕೆಟನ್ನು ಎಸೆದು ಆರ್ಪ್ ಪ್ರಶ್ನೆ ಕಳಿಸುತ್ತದೆ. ಎರಡನೆಯ ಪಿಂಗ್ ಬರುವ ಹೊತ್ತಿಗೆ ಉತ್ತರ ಸಿಕ್ಕಿರುತ್ತದೆ. ನಿಜವಾದ ಸಿಸ್ಕೋ ರೂಟರೂ ಹೀಗೆಯೇ ನಡೆದುಕೊಳ್ಳುತ್ತದೆ.

ಹಂಪನಕಟ್ಟೆಯ ಪಿಸಿ ಉಡುಪಿಯ ಪಿಸಿಗೆ ಪಿಂಗ್ ಕೊಟ್ಟಾಗ ಆರ್ಪ್ ಯಾರ ಮ್ಯಾಕ್ ಕೇಳುತ್ತದೆ? ವೈವಾದಲ್ಲಿ ಬಹಳ ಮಂದಿ ಉಡುಪಿಯ ಪಿಸಿಯದ್ದು ಎನ್ನುತ್ತಾರೆ. ಪಿಸಿ ತನ್ನ ಮಾಸ್ಕ್ ಹಚ್ಚಿ ನೋಡಿ, ಆ ವಿಳಾಸ ತನ್ನ ಜಾಲದ್ದಲ್ಲ ಎಂದು ಕಂಡು, ಗೇಟ್‌ವೇಯ ಮ್ಯಾಕ್ ಕೇಳುತ್ತದೆ. ಆರ್ಪ್ ಲಕೋಟೆ ಬಿಚ್ಚಿದರೆ ಟಾರ್ಗೆಟ್ ಐಪಿಯ ಜಾಗದಲ್ಲಿ ಗೇಟ್‌ವೇಗೆ ಕೊಟ್ಟ ವಿಳಾಸ, ಉದಾಹರಣೆಗೆ 192.168.10.1, ಕಾಣುತ್ತದೆ. ಪಿಸಿಯಲ್ಲಿ /26ರ ಬದಲು /24 ಮಾಸ್ಕ್ ಕೊಟ್ಟಿದ್ದರೆ ಅದು ಉಡುಪಿಯನ್ನೂ ಪಕ್ಕದ ಮನೆ ಎಂದು ತಿಳಿದು ನೇರವಾಗಿ ಅದರ ಮ್ಯಾಕ್ ಕೇಳುತ್ತದೆ. ನಿಜವಾದ ಸಿಸ್ಕೋ ರೂಟರಿನಲ್ಲಿ ಪ್ರಾಕ್ಸಿ ಆರ್ಪ್ ಮೊದಲೇ ಚಾಲೂ ಇರುವುದರಿಂದ ರೂಟರ್ ತಾನೇ ಉತ್ತರ ಕೊಟ್ಟು ಈ ತಪ್ಪು ಮುಚ್ಚಿಹೋಗಬಹುದು, ಆಮೇಲೆ ಎಂದೋ ಒಂದು ದಿನ ರೂಟರ್ ಬದಲಾಯಿಸಿದಾಗ ಹೊರಬರುತ್ತದೆ.

ವಿಲ್ಯಾನ್ (ಒಂದೇ ಸ್ವಿಚ್ಚನ್ನು ಹಲವು ಪ್ರತ್ಯೇಕ ಜಾಲಗಳಾಗಿ ಬಳಸುವುದು) ಪಾಠದಲ್ಲಿ ಎಡವುವುದು ನಡುವಿನ ಸ್ವಿಚ್‌ನಲ್ಲಿ. ಎರಡು ತುದಿಯ ಸ್ವಿಚ್‌ಗಳಲ್ಲಿ ವಿಲ್ಯಾನ್ 10 ಮಾಡಿ, ನಡುವಿನದರಲ್ಲಿ ಪೋರ್ಟ್‌ಗಳನ್ನು ಟ್ರಂಕ್ (ಹಲವು ವಿಲ್ಯಾನ್‌ಗಳನ್ನು ಒಟ್ಟಿಗೆ ಸಾಗಿಸುವ ಕೊಂಡಿ) ಮಾಡಿದರೆ ಸಾಕು ಎಂದುಕೊಳ್ಳುತ್ತಾರೆ. ಆ ಸ್ವಿಚ್‌ನಲ್ಲೂ ವಿಲ್ಯಾನ್ 10 ಹುಟ್ಟಿರಬೇಕು, ಇಲ್ಲದಿದ್ದರೆ ಫ್ರೇಮ್ ಅಲ್ಲಿಯೇ ಸಾಯುತ್ತದೆ. 3560 ಮಾದರಿಯ ಸ್ವಿಚ್‌ನಲ್ಲಿ ಟ್ರಂಕ್ ಮಾಡುವ ಮೊದಲು ಎನ್‌ಕ್ಯಾಪ್ಸುಲೇಶನ್ ಡಾಟ್‌ಒನ್‌ಕ್ಯೂ ಎಂದು ಹೇಳಬೇಕು. 2960ಗೆ ಆ ಒಂದೇ ವಿಧಾನ ಗೊತ್ತಿರುವುದರಿಂದ ಆ ಕಮಾಂಡೇ ಇಲ್ಲ, ಕೊಟ್ಟರೆ ಇನ್ವ್ಯಾಲಿಡ್ ಇನ್‌ಪುಟ್ ಎನ್ನುತ್ತದೆ. ಕಮಾಂಡ್ ತಪ್ಪಾಗಿ ಬರೆದು ಟ್ರಾನ್ಸ್‌ಲೇಟಿಂಗ್ ಎಂದು ಪರದೆ ಹಿಡಿದುಕೊಂಡರೆ ಕಂಟ್ರೋಲ್-ಶಿಫ್ಟ್-6. ಶುರುವಿನಲ್ಲೇ ನೋ ಐಪಿ ಡೊಮೇನ್-ಲುಕಪ್ ಕೊಟ್ಟಿಟ್ಟರೆ ಆ ತೊಂದರೆಯೇ ಇಲ್ಲ.

ಡಿಎಚ್‌ಸಿಪಿ (ಸರ್ವರ್‌ನಿಂದ ತಾನಾಗಿ ಐಪಿ ವಿಳಾಸ ಪಡೆಯುವುದು) ಕೇಳಿದ ಪಿಸಿಗೆ 169.254ರಿಂದ ಶುರುವಾಗುವ ವಿಳಾಸ ಬಂದರೆ ಸರ್ವರ್ ಸಿಗಲಿಲ್ಲ ಎಂದೇ ಅರ್ಥ. ಸರ್ವರ್ ಬೇರೆ ಜಾಲದಲ್ಲಿದ್ದರೆ ಪಿಸಿಯ ಬ್ರಾಡ್‌ಕಾಸ್ಟ್ ರೂಟರ್ ದಾಟುವುದಿಲ್ಲ. ಪಿಸಿಯ ಕಡೆಯ ಇಂಟರ್‌ಫೇಸಿನಲ್ಲಿ ಐಪಿ ಹೆಲ್ಪರ್-ಅಡ್ರೆಸ್ ಬೇಕು. ಆಕ್ಸೆಸ್ ಲಿಸ್ಟ್‌ನ ಕೊನೆಯಲ್ಲಿ ಕಾಣದ ಒಂದು ಎಲ್ಲವನ್ನೂ ತಡೆ ಎಂಬ ಸಾಲು ಇರುತ್ತದೆ, ಆದ್ದರಿಂದ ತಡೆಯುವ ಸಾಲು ಮಾತ್ರ ಬರೆದು ಅನುಮತಿಯ ಸಾಲು ಬಿಟ್ಟರೆ ಇಡೀ ಶಾಖೆ ಸ್ತಬ್ಧ.

ಇದು ಕಲಿಸಲಾರದ್ದು

ವಿಟಿಯು 2022ರ ಸ್ಕೀಮಿನಲ್ಲಿ ಐದನೇ ಸೆಮಿಸ್ಟರಿನ ಕಂಪ್ಯೂಟರ್ ನೆಟ್‌ವರ್ಕ್ಸ್ ಲ್ಯಾಬಿನ ಪಟ್ಟಿ ತೆಗೆದು ನೋಡಿ. ಮೂರು ನೋಡುಗಳ ಜಾಲ ಕಟ್ಟಿ, ಕ್ಯೂ ಗಾತ್ರ ಮತ್ತು ಬ್ಯಾಂಡ್‌ವಿಡ್ತ್ ಬದಲಾಯಿಸಿ ಎಷ್ಟು ಪ್ಯಾಕೆಟ್ ಬಿದ್ದುಹೋದವು ಎಂದು ಎಣಿಸಿ. ದಟ್ಟಣೆಯಿಂದ ಬಿದ್ದ ಪಿಂಗ್ ಸಂದೇಶಗಳನ್ನು ಎಣಿಸಿ. ಕಂಜೆಶನ್ ವಿಂಡೋದ (ಉತ್ತರಕ್ಕೆ ಕಾಯದೆ ಒಮ್ಮೆಗೆ ಎಷ್ಟು ಕಳಿಸಬಹುದು ಎಂಬ ಮಿತಿ) ರೇಖಾಚಿತ್ರ ಬರೆಯಿರಿ. ಸಿಆರ್‌ಸಿ (ದೋಷ ಪತ್ತೆ), ಲೀಕಿ ಬಕೆಟ್ (ಕಳಿಸುವ ವೇಗಕ್ಕೆ ಕಡಿವಾಣ) ಪ್ರೋಗ್ರಾಮ್ ಬರೆಯಿರಿ. ಇವುಗಳಲ್ಲಿ ಒಂದಕ್ಕೂ ಪ್ಯಾಕೆಟ್ ಟ್ರೇಸರ್ ಉತ್ತರವಲ್ಲ. ಅದರಲ್ಲಿ ಟಿಸಿಪಿಯ (ಕಳಿಸಿದ್ದು ತಪ್ಪದೆ ತಲುಪುವಂತೆ ನೋಡುವ ನಿಯಮ) ಮೂರು ಹೆಜ್ಜೆಯ ಕೈಕುಲುಕು ಚೆನ್ನಾಗಿ ಕಾಣುತ್ತದೆ, ಆದರೆ ಸ್ಲೋ ಸ್ಟಾರ್ಟ್‌ನಲ್ಲಿ ವಿಂಡೋ ಇಮ್ಮಡಿಯಾಗುತ್ತ ಹೋಗಿ, ಪ್ಯಾಕೆಟ್ ಬಿದ್ದಾಗ ಕುಗ್ಗುವ ಗರಗಸದ ಆಕಾರ ಕಾಣುವುದಿಲ್ಲ. ಕ್ಯೂ ತುಂಬಿ ಉಕ್ಕುವುದನ್ನು ಅಳೆಯಲಾಗುವುದಿಲ್ಲ. ಟ್ರೇಸರ್ ಒಂದನ್ನೇ ನಂಬಿ ಲ್ಯಾಬ್ ಪರೀಕ್ಷೆಗೆ ಹೋದವರು ಟಿಸಿಎಲ್ ಸ್ಕ್ರಿಪ್ಟ್ ಮುಂದೆ ಸುಮ್ಮನೆ ಕೂರಬೇಕಾಗುತ್ತದೆ.

ಅಲ್ಲಿಗೆ ಬೇಕಾದದ್ದು ಎನ್‌ಎಸ್-2, ಟಿಸಿಎಲ್ ಭಾಷೆಯಲ್ಲಿ ಬರೆದ ಸ್ಕ್ರಿಪ್ಟಿನಂತೆ ಜಾಲವನ್ನು ಓಡಿಸಿ ತೋರಿಸುವ ತಂತ್ರಾಂಶ. ಅದರ 2.35 ಆವೃತ್ತಿ 2011ರದ್ದು, ನೋಡಲು ಚೆಲುವಿಲ್ಲ, ಆದರೂ ಅಂಕಿ ನಿಖರವಾಗಿ ಕೊಡುತ್ತದೆ. ಒಂದು ಲೆಕ್ಕ ಹೀಗೆ ಮಾಡಿ: 500 ಬೈಟಿನ ಪ್ಯಾಕೆಟನ್ನು 0.005 ಸೆಕೆಂಡಿಗೊಮ್ಮೆ ಕಳಿಸಿದರೆ ಸೆಕೆಂಡಿಗೆ 200 ಪ್ಯಾಕೆಟ್, ಅಂದರೆ 800 ಕೆಬಿಪಿಎಸ್. ಮುಂದಿನ ಕೊಂಡಿ 500 ಕೆಬಿಪಿಎಸ್ ಮಾತ್ರವಾದರೆ ಅದು ದಾಟಿಸುವುದು ಸೆಕೆಂಡಿಗೆ 125. ಉಳಿದ 75 ಮೊದಲು ಕ್ಯೂ ತುಂಬುತ್ತವೆ, 10ರ ಕ್ಯೂ ಸುಮಾರು 0.13 ಸೆಕೆಂಡಿನಲ್ಲಿ ತುಂಬಿ, ಆಮೇಲೆ ಸೆಕೆಂಡಿಗೆ 75ರಂತೆ ಬೀಳುತ್ತವೆ. ಮೊದಲು ಕಾಗದದ ಮೇಲೆ ಈ ಲೆಕ್ಕ ಹಾಕಿ, ಆಮೇಲೆ ಸ್ಕ್ರಿಪ್ಟ್ ಓಡಿಸಿ, ಟ್ರೇಸ್ ಫೈಲಿನಲ್ಲಿ ಮೊದಲ ಅಕ್ಷರ ಡಿ ಆಗಿರುವ ಸಾಲುಗಳನ್ನು ಎಣಿಸಿ. ಎರಡೂ ಹತ್ತಿರ ಬಂದರೆ ಪ್ರಯೋಗ ಅರ್ಥವಾಗಿದೆ. ಕ್ಯೂ ದೊಡ್ಡದು ಮಾಡಿದರೆ ಬೀಳುವುದು ನಿಲ್ಲುತ್ತದೆ ಎಂದು ಬರೆಯುವವರು ಈ ಲೆಕ್ಕ ಮಾಡಿಲ್ಲ. ಕ್ಯೂ ದೊಡ್ಡದಾದರೆ ಬೀಳಲು ಶುರುವಾಗುವುದು ಸ್ವಲ್ಪ ತಡವಾಗುತ್ತದೆ, ಅಷ್ಟೇ. ಬೀಳುವ ದರ ಕಡಿಮೆಯಾಗಬೇಕಾದರೆ ಕೊಂಡಿಯೇ ಅಗಲವಾಗಬೇಕು. ಚಿತ್ರ ತೋರಿಸುವ ನ್ಯಾಮ್ ಹೊಸ ಉಬುಂಟುಗಳಲ್ಲಿ ಕುಸಿದು ಬೀಳುವುದುಂಟು. ಆಗ ಹೆದರಬೇಕಾಗಿಲ್ಲ, ಟ್ರೇಸ್ ಫೈಲ್ ಸರಿಯಾಗಿಯೇ ಬರೆದಿರುತ್ತದೆ.

ಸುರತ್ಕಲ್ಲಿನ ಎನ್‌ಐಟಿಕೆ ಮತ್ತು ಮಣಿಪಾಲದ ಎಂಐಟಿಗೆ ವಿಟಿಯು ಪಠ್ಯ ಅನ್ವಯಿಸುವುದಿಲ್ಲ. ಸ್ವಾಯತ್ತ ಕಾಲೇಜುಗಳೂ ತಮ್ಮ ತಮ್ಮ ಪಟ್ಟಿ ಮಾಡಿಕೊಳ್ಳುತ್ತವೆ. ಟ್ರೇಸರಿಗೆ ಎಷ್ಟು ಹೊತ್ತು ಕೊಡಬೇಕೆಂಬುದು ಆ ಪಟ್ಟಿಯ ಮೇಲೆಯೇ ನಿಂತಿದೆ.

ಇನ್ನೊಂದು ಕೊರತೆ, ಟ್ರೇಸರಿನ ರೂಟರ್ ನಿಜವಾದ ಐಓಎಸ್ (ಸಿಸ್ಕೋ ಸಾಧನಗಳ ಒಳಗಿನ ತಂತ್ರಾಂಶ) ಓಡಿಸುವುದಿಲ್ಲ, ಅದರ ನಡವಳಿಕೆಯನ್ನು ಅನುಕರಿಸುತ್ತದೆ. ಪ್ರಶ್ನಾರ್ಥಕ ಚಿಹ್ನೆ ಒತ್ತಿದಾಗ ಬರುವ ಪಟ್ಟಿ ನಿಜವಾದ ರೂಟರಿನದ್ದಕ್ಕಿಂತ ಬಹಳ ಗಿಡ್ಡ. ಬಿಜಿಪಿಯ (ದೊಡ್ಡ ಜಾಲಗಳ ನಡುವೆ ದಾರಿ ಕಂಡುಕೊಳ್ಳುವ ವಿಧಾನ) ಮೊದಲ ಪಾಠ ಮಾತ್ರ ಸಾಧ್ಯ. ಸಿಸಿಎನ್‌ಎ (ಸಿಸ್ಕೋದ ಪ್ರಮಾಣಪತ್ರ ಪರೀಕ್ಷೆ) ಮಟ್ಟಕ್ಕೆ ಇದು ಸಾಕು, ಅದರಾಚೆ ನಿಜವಾದ ಐಓಎಸ್ ಓಡಿಸುವ ಜಿಎನ್‌ಎಸ್3 ಬೇಕು. ಆದರೆ ಜಿಎನ್‌ಎಸ್3ಕ್ಕೆ ಐಓಎಸ್ ಇಮೇಜ್ ನೀವೇ ನ್ಯಾಯವಾಗಿ ತರಬೇಕು, 8 ಜಿಬಿ ರ್‍ಯಾಮ್ ಕೂಡ ಬೇಗ ಮುಗಿಯುತ್ತದೆ. ನಿಜವಾದ ಪ್ಯಾಕೆಟ್ ನೋಡಲು ವೈರ್‌ಶಾರ್ಕ್ ಇದೆ. ನಿಮ್ಮದೇ ಲ್ಯಾಪ್‌ಟಾಪಿನ ಡಿಎನ್‌ಎಸ್ ಪ್ರಶ್ನೆ, ಟಿಸಿಪಿ ಕೈಕುಲುಕು ಹಿಡಿದು, ಟ್ರೇಸರಿನ ಲಕೋಟೆಯೊಂದಿಗೆ ಹೋಲಿಸಿ. ಹಾಸ್ಟೆಲಿನ ವೈಫೈಯಲ್ಲಿ ಬೇರೆಯವರ ಸಂಚಾರಕ್ಕೆ ಕೈ ಹಾಕಬೇಡಿ.

ತಂತಿಯ ಪಾಠ

ಟ್ರೇಸರಿನಲ್ಲಿ ಕೇಬಲ್ ಎಂದಿಗೂ ಕೆಡುವುದಿಲ್ಲ. ಪಣಂಬೂರು, ಮಲ್ಪೆಯ ಉಪ್ಪುಗಾಳಿಯಲ್ಲಿ ಕೆಲಸ ಮಾಡಬೇಕಾದವರಿಗೆ ಇದೇ ಅದರ ದೊಡ್ಡ ಕೊರತೆ. ಕ್ರಿಂಪಿಂಗ್ ಇಕ್ಕಳ, ಟೆಸ್ಟರ್, ಹತ್ತಿಪ್ಪತ್ತು ಆರ್‌ಜೆ45 ಕನೆಕ್ಟರ್, ಕೆಲವು ಮೀಟರ್ ಕ್ಯಾಟ್6 ಕೇಬಲ್ ಕೊಂಡು ಟ್ರೇಸರಿನ ಪಕ್ಕದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ನಾಲ್ಕು ಮಂದಿ ಸೇರಿ ಕೊಂಡರೆ ಭಾರವಾಗುವುದಿಲ್ಲ. ಟಿ568ಬಿ ಎಂಬ ತಂತಿ ಜೋಡಣೆಯ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಜೋಡಿಯ ತಿರುಚನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬಾರದು. ಹೊರಕವಚ ಕನೆಕ್ಟರಿನ ಹಿಡಿತದೊಳಗೆ ಸೇರಿರಬೇಕು, ಇಲ್ಲದಿದ್ದರೆ ಎಳೆದಾಗ ಭಾರ ತಂತಿಯ ಮೇಲೆ ಬೀಳುತ್ತದೆ.

ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು, ಬಿಳಿ-ನೀಲಿ, ನೀಲಿ ಎಂದು ನೋಡಲು ಅಂದವಾದ ಕ್ರಮದಲ್ಲಿ ಎರಡೂ ತುದಿ ಹಾಕಿದರೆ ಅಗ್ಗದ ಟೆಸ್ಟರಿನಲ್ಲಿ 1ರಿಂದ 8ರವರೆಗೆ ದೀಪ ಸರಿಯಾಗಿಯೇ ಹತ್ತುತ್ತದೆ. ಆದರೆ ಸಂಕೇತ ಹೋಗುವ 3 ಮತ್ತು 6ನೇ ಪಿನ್‌ಗಳು ಬೇರೆ ಬೇರೆ ಜೋಡಿಯವಾಗಿ, ತಿರುಚಿನಿಂದ ಸಿಗುವ ರಕ್ಷಣೆ ಹೋಗುತ್ತದೆ. ಸಣ್ಣ ತುಂಡಿನಲ್ಲಿ ಗೊತ್ತಾಗುವುದಿಲ್ಲ, 30 ಮೀಟರ್ ಎಳೆದಾಗ ಗಿಗಾಬಿಟ್ ನಿಲ್ಲುವುದಿಲ್ಲ. ಟೆಸ್ಟರ್ ನೋಡುವುದು ತಂತಿ ಮುಟ್ಟುತ್ತದೆಯೇ ಎಂದು ಮಾತ್ರ.

100 ಎಂಬಿಪಿಎಸ್‌ಗೆ 1, 2, 3, 6 ಪಿನ್ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಕಡಲಬದಿಯ ಕಟ್ಟಡದಲ್ಲಿ ಕೊಂಡಿಯ ವೇಗ ಇದ್ದಕ್ಕಿದ್ದಂತೆ 100ಕ್ಕೆ ಇಳಿದರೆ ಕನೆಕ್ಟರಿನ ಸಂಪರ್ಕಗಳಲ್ಲಿ ಹಸಿರು ಕಿಲುಬು ಹಿಡಿದಿದೆಯೇ ನೋಡಿ, ತುದಿ ಕತ್ತರಿಸಿ ಹೊಸದಾಗಿ ಹಾಕಿ. ತಾಮ್ರದ ಲೇಪದ ಅಲ್ಯುಮಿನಿಯಂ ಕೇಬಲ್ ಅಗ್ಗಕ್ಕೆ ಸಿಗುತ್ತದೆ, ಬಗ್ಗಿಸಿದರೆ ಮುರಿಯುತ್ತದೆ, ತಡೆಯೂ ಹೆಚ್ಚು. ಕೊಳ್ಳುವಾಗ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಬಿಡಿ. ಎರಡು ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಎಳೆಯಲೇಬಾರದು. ಮೇ ತಿಂಗಳ ಸಿಡಿಲು ಆ ತಂತಿಯ ಮೂಲಕ ಎರಡೂ ಕಡೆಯ ಪೋರ್ಟುಗಳನ್ನು ಸುಡುತ್ತದೆ. ಅಲ್ಲಿ ಫೈಬರ್ ಹಾಕಬೇಕು.

ಯಾರಿಗೆ ಎಷ್ಟು

ಡಿಪ್ಲೊಮಾ ಮತ್ತು ಬಿಸಿಎ ವಿದ್ಯಾರ್ಥಿಗಳಿಗೆ, ಸಿಸಿಎನ್‌ಎ ಬರೆಯುವವರಿಗೆ ಪ್ಯಾಕೆಟ್ ಟ್ರೇಸರ್ ಮುಖ್ಯ ಸಾಧನ. ಐದಕ್ಕೆ ನಾಲ್ಕೂವರೆ. ವಿಟಿಯು ಬಿಇ ವಿದ್ಯಾರ್ಥಿಗಳಿಗೆ ತರಗತಿಯ ಪಾಠ ಅರ್ಥವಾಗಲು ಬಹಳ ಒಳ್ಳೆಯದು, ಲ್ಯಾಬ್ ಅಂಕಕ್ಕೆ ಅಲ್ಲ. ಐದಕ್ಕೆ ಮೂರು, ಪಕ್ಕದಲ್ಲಿ ಎನ್‌ಎಸ್-2 ಇರಲೇಬೇಕು. ಎಂಟೆಕ್ ಸಂಶೋಧನೆಗೆ ಅಂಕಿಅಂಶ ಬೇಕಾದವರು ಇದರ ಬಳಿ ಬರುವ ಅಗತ್ಯವಿಲ್ಲ, ಎನ್‌ಎಸ್-3 ಅಥವಾ ಮಿನಿನೆಟ್‌ಗೆ ಹೋಗಬೇಕು. ಬೋಧಕರಿಗೆ ಒಂದು ಮಾತು: ಇದರ ಆಕ್ಟಿವಿಟಿ ವಿಝಾರ್ಡಿನಲ್ಲಿ ಬೇಕೆಂದೇ ಐದು ತಪ್ಪು ಇಟ್ಟ ಜಾಲ ಕೊಟ್ಟು, ಹುಡುಕಿ ಸರಿಪಡಿಸಿ ಎಂದು ಹೇಳಬಹುದು. ಚೆಕ್ ರಿಸಲ್ಟ್ಸ್ ಅದನ್ನು ತಾನೇ ತಿದ್ದುತ್ತದೆ. ಸ್ಕ್ರೀನ್‌ಶಾಟ್ ಕೇಳುವುದಕ್ಕಿಂತ ಇದು ಎಷ್ಟೋ ಮೇಲು.

ಲ್ಯಾಬ್ ದಿನಕ್ಕೆ ಮೊದಲು ಆವೃತ್ತಿಯನ್ನು ಪರೀಕ್ಷಿಸಿಕೊಳ್ಳಿ. ಮನೆಯ ಹೊಸ ಟ್ರೇಸರಿನಲ್ಲಿ ಉಳಿಸಿದ ಫೈಲನ್ನು ಕಾಲೇಜಿನ ಹಳೆಯ ಟ್ರೇಸರ್ ತೆರೆಯುವುದಿಲ್ಲ. ಹೆಲ್ಪ್ ಮೆನುವಿನ ಅಬೌಟ್‌ನಲ್ಲಿ ಸಂಖ್ಯೆ ಇರುತ್ತದೆ. ಅದು ಹೊಂದದಿದ್ದರೆ ಪ್ರತಿ ಸಾಧನದ ಶೋ ರನ್ನಿಂಗ್-ಕಾನ್ಫಿಗ್ ಅನ್ನು ಒಂದೊಂದು ಟೆಕ್ಸ್ಟ್ ಫೈಲಿಗೆ ನಕಲು ಮಾಡಿ ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಅಲ್ಲಿ ಸಾಧನಗಳನ್ನು ಮತ್ತೆ ಎಳೆದು, ಕೇಬಲ್ ಹಾಕಿ, ಕಾನ್ಫಿಗರೇಶನ್ ಮೋಡಿನಲ್ಲಿ ಅಂಟಿಸಿ. ಕೊನೆಗೆ ಪ್ರತಿ ರೂಟರಿನ ಇಂಟರ್‌ಫೇಸಿಗೂ ನೋ ಶಟ್‌ಡೌನ್ ಬೇರೆಯಾಗಿ ಕೊಡಿ, ಏಕೆಂದರೆ ಆ ಸಾಲು ರನ್ನಿಂಗ್-ಕಾನ್ಫಿಗ್‌ನಲ್ಲಿ ಬರುವುದಿಲ್ಲ.